ನೆವೆಂಕಾಳ ಪಥ್ಯಕ್ಕೆ ಸಲ್ಲುವುದು

ಸೆಪ್ಟೆಂಬರ್ 14, ಬೆಳಗ್ಗೆ

ಮತ್ತೆ ಮೂಳೆ ಸಾರು. ನೊರೆ ತೆಗೆದೆ, ಸೋಸಿದೆ, ಕೊಟ್ಟೆ. ನನ್ನ ಹೆಂಡತಿ ನೆವೆಂಕಾ ಅರ್ಧ ಕುಡಿದು ಲೋಟವನ್ನು ನನ್ನ ಕಡೆ ತಳ್ಳಿದಳು. ಬೀದಿ ತುಂಬ ದಪ್ಪ ಮೆಣಸಿನಕಾಯಿ ಸುಡುವ ವಾಸನೆ. ನಮ್ಮೂರು ಲೆಸ್ಕೊವಾಚ್ ಪೂರ್ತಿ ಚಳಿಗಾಲದ ಚಟ್ನಿ ಮಾಡಲು ಕೂತಿದೆ. ನಾನು ಕಿಟಕಿ ಮುಚ್ಚಿದೆ. ಅವಳು ಎದ್ದು ಹೋಗಿ ತೆರೆದಳು. ವಾಸನೆಗೂ ಪಥ್ಯವೇ ಎಂದು ಕೇಳಿದಳು.

ಧಾನ್ಯ ಇಲ್ಲ. ಹಾಲು, ಚೀಸ್, ಮೊಟ್ಟೆ ಇಲ್ಲ. ಕಾಳು, ಬೀಜ ಇಲ್ಲ. ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ — ಎಲ್ಲ ಒಂದೇ ಕುಲವಂತೆ, ಎಲ್ಲವೂ ಹೊರಗೆ. ಕರುಳಿನ ಹುಣ್ಣು ಮಾಯುವ ತನಕ. ನಮ್ಮೂರ ಅಡುಗೆಯಿಂದ ಇಷ್ಟನ್ನು ತೆಗೆದರೆ ಉಳಿಯುವುದು ನೀರು ಮತ್ತು ಜಗಳ.

ಡಾಕ್ಟರ್ ಮಾತು ಸ್ಪಷ್ಟ. ಮಾತ್ರೆ ತನ್ನ ಕೆಲಸ ಮಾಡುತ್ತದೆ, ಆದರೆ ಮೈಗೆ ಊಟ ಹತ್ತಬೇಕು. ತೂಕ ಹೀಗೇ ಇಳಿಯುತ್ತಾ ಹೋದರೆ ಕರುಳು ಕತ್ತರಿಸಿ, ಮಲಕ್ಕೆ ಹೊಟ್ಟೆಯ ಮೇಲೊಂದು ಚೀಲ.

ಸೆಪ್ಟೆಂಬರ್ 17

ಪೇಟೆಯ ಆರೋಗ್ಯದಂಗಡಿಗೆ ಹೋಗಿದ್ದೆ. ಪಥ್ಯದ ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ ಪದಾರ್ಥ ಕಂಡೇ ಇಲ್ಲ. ಬದುಕಿಡೀ ಬಲ್ಗೇರಿಯಾ ಗಡಿಯಲ್ಲಿ ಕಸ್ಟಮ್ಸ್ ಕೆಲಸ ಮಾಡಿ, ಜಗತ್ತಿನ ಸಾಮಾನೆಲ್ಲ ಬಿಚ್ಚಿಸಿ ನೋಡಿದವನು ನಾನು.

ಮರಗೆಣಸಿನ ಹಿಟ್ಟು — ಪಾಸ್. ಗಡಿಯಲ್ಲಿ ಇಂಥ ಬಿಳಿ ಪುಡಿ ಕಂಡಿದ್ದರೆ ನಾಯಿ ಕರೆಸುತ್ತಿದ್ದೆ. ಬಾಳೆಕಾಯಿ — ಪಾಸ್. ಹಸಿರು, ಕಲ್ಲಿನಷ್ಟು ಗಟ್ಟಿ. ಹಣ್ಣಾಗಲಿ ಎಂದು ಕಿಟಕಿಯ ಮೇಲಿಟ್ಟಿದ್ದೇನೆ.

ಸೆಪ್ಟೆಂಬರ್ 25

ಬಾಳೆಕಾಯಿ ಕಪ್ಪಾಗಿ ಕೊಳೆಯಿತು. ಅಂಗಡಿಯ ಹುಡುಗಿಗೆ ಫೋನ್ ಮಾಡಿದೆ. ನಕ್ಕಳು. ಕಾಯಿಯನ್ನೇ ಬೇಯಿಸಬೇಕಂತೆ. ಬಾಳೆಯನ್ನು ಹಸಿರಿದ್ದಾಗಲೇ ಪಲ್ಯ ಮಾಡಿ ತಿನ್ನುವ ಜನ ಭೂಮಿಯ ಮೇಲೆ ಇದ್ದಾರಂತೆ. ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ಪಕ್ಕದ ಮನೆಯವರು ಚೆಸ್ಟ್‌ನಟ್ ಕೊಟ್ಟರು. ಅದು ಬೀಜವೋ, ಗೆಡ್ಡೆಯಂಥ ಹಿಟ್ಟೋ? ಈಗಲೇ ಬೇಡ ಎಂದರು ಡಾಕ್ಟರಮ್ಮ. ತಡೆಹಿಡಿದೆ. ಕಾಳುಮೆಣಸು? ಅದೂ ಒಂಥರಾ ಬೀಜವೇ. ತಡೆಹಿಡಿದೆ. ನೆವೆಂಕಾ ನೋಡುತ್ತಲೇ ಇದ್ದಳು.

"ನೀನು ನನ್ನ ಗಂಡನೋ, ಸುಂಕದ ಕಟ್ಟೆಯೋ ಮಾರಾಯ?"

ನಗಬೇಕೆಂದಿದ್ದೆ. ಅವಳ ಮುಖದಲ್ಲಿ ನಗು ಇರಲಿಲ್ಲ.

ಅಕ್ಟೋಬರ್ 3, ಶುಕ್ರವಾರ

ನಾನು ಔಷಧಿಗೆ ಹೋಗಿದ್ದಾಗ ಅಮ್ಮ ಬಂದಿದ್ದಾಳೆ. ಈ ವಯಸ್ಸಿನಲ್ಲಿ, ಮೇಲಿನ ಓಣಿಯಿಂದ, ಬಿಸಿ ಮಣ್ಣಿನ ಮಡಕೆ ಹೊತ್ತುಕೊಂಡು. ಹಾಲಿಲ್ಲ, ಚೀಸಿಲ್ಲ, ಮೊಟ್ಟೆಯಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ — ಉಪವಾಸದ ಊಟ ಎಂದುಕೊಂಡಿದ್ದಾಳೆ. ತಾನು ಬುಧವಾರ, ಶುಕ್ರವಾರ ಉಣ್ಣುವಂಥದ್ದು. ಒಲೆಯಲ್ಲಿ ನಿಧಾನಕ್ಕೆ ಬೆಂದ ಬೀನ್ಸ್ ಕಾಳು, ರಾಶಿ ಈರುಳ್ಳಿ, ಒಣ ಕೆಂಪು ಮೆಣಸಿನಕಾಯಿ. ನೆವೆಂಕಾ ಅತ್ತೆಗೆ ಬೇಡ ಎನ್ನಲಾರದೆ ತಿಂದಿದ್ದಾಳೆ. ತಟ್ಟೆ ತುಂಬ.

"ಎಣ್ಣೆ ಬಿಟ್ರೆ ಏನೂ ಹಾಕಿಲ್ಲ ಕಣೋ. ಶುದ್ಧ ಉಪವಾಸದ್ದು," ಎಂದಳು ಅಮ್ಮ. ಮುಖದಲ್ಲಿ ಎಂಥ ಖುಷಿ.

ಕೂಗಾಡಿದೆ. ಸೊಸೆಗೆ ವಿಷ ಹಾಕಲು ಬಂದೆಯಾ ಎಂದೆ. ಅಮ್ಮ ಮಡಕೆಯನ್ನು ಎದೆಗೊತ್ತಿಕೊಂಡು ಹೋದಳು.

ಅಕ್ಟೋಬರ್ 15

ಆಸ್ಪತ್ರೆಯಿಂದ ನಿನ್ನೆ ಬಂದೆವು. ಆ ಶುಕ್ರವಾರ ರಾತ್ರಿ ನೆವೆಂಕಾಳ ಕರುಳಿನಿಂದ ಶುರುವಾದ ರಕ್ತ ನಿಂತಿದೆ. ಕಾಳಿನಿಂದಲೇ ಆಯಿತೋ, ರೋಗ ತಾನಾಗಿ ಕೆರಳಿತೋ — ಡಾಕ್ಟರಿಗೂ ಗೊತ್ತಿಲ್ಲ.

ಈಗ ಹೊಸ ಕಷ್ಟ. ಅವಳಿಗೆ ಹಸಿವೇ ಇಲ್ಲ. ಊಟವೆಂದರೆ ಹೆದರಿಕೆ. ಸಲ್ಲುವುದೂ ಒಂದೇ, ಸಲ್ಲದ್ದೂ ಒಂದೇ. ತಿಂಗಳ ಕೊನೆಗೂ ಹೀಗೇ ಇದ್ದರೆ ಮೂಗಿನಿಂದ ನಳಿಕೆ, ಆಮೇಲೆ ಕತ್ತರಿ. ನಾನು ತಟ್ಟೆ ಇಡುತ್ತೇನೆ, ಎತ್ತುತ್ತೇನೆ. ಅಮ್ಮನ ಫೋನ್ ಇಲ್ಲ.

ಅಕ್ಟೋಬರ್ 27

ಈ ಶುಕ್ರವಾರ ಸಂತ ಲೂಕನ ದಿನ, ನಮ್ಮ ಮನೆತನದ ಹಬ್ಬ. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ, ಬರುವವರು ತಾವಾಗಿ ಬರಬೇಕು. ಅಮ್ಮನನ್ನೂ ಕರೆಯುವಂತಿಲ್ಲ. ತಪ್ಪಾಯಿತು ಎನ್ನಲಾದರೂ ಫೋನ್ ಮಾಡಿದೆ. ಎತ್ತಲಿಲ್ಲ.

ನೆವೆಂಕಾ ತಾನೇ ಗೋಧಿ ನೆನೆಹಾಕುತ್ತಾಳಂತೆ. ಬೇಯಿಸಿ, ಅರೆದು, ಸಕ್ಕರೆ, ವಾಲ್‌ನಟ್ ಕಲಸಿದ ಪ್ರಸಾದ. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಚಮಚ, ಮನೆಯೊಡತಿಗೂ ಒಂದು. ಒಂದೇ ಒಂದು ಚಮಚ — ಬಿಡಲೋ, ತಡೆಯಲೋ? ಡಾಕ್ಟರಮ್ಮ ಖಂಡಿತ ಬೇಡ ಎಂದರು. ಕಾಯಿಲೆಯವರು ತಿನ್ನದಿದ್ದರೆ ದೋಷವಿಲ್ಲ ಎಂದರು ಪಾದ್ರಿ. ನೆವೆಂಕಾಳಿಗೆ ಹೇಳಲು ಬಾಯಿ ಬರುತ್ತಿಲ್ಲ.

ಅಕ್ಟೋಬರ್ 31, ಸಂಜೆ

ನಾನು ಹೇಳಬೇಕಾಗಲಿಲ್ಲ. ಅವಳೇ ತಿನ್ನಲಿಲ್ಲ. ಬೆಳಗಿನಿಂದ ಬೇರೇನನ್ನೂ ತಿನ್ನಲಿಲ್ಲ ಎನ್ನುವುದು ಬೇರೆ ಮಾತು.

ಜನ ಬಂದರು. ಪಾದ್ರಿ ರೊಟ್ಟಿ ಮುರಿದರು. ಎಲ್ಲ ಕೂತ ಮೇಲೆ ಅಮ್ಮ ಬಂದಳು. ಕೈ ಖಾಲಿ. ಯಾರ ಮನೆಗೂ ಖಾಲಿ ಕೈಯಲ್ಲಿ ಹೋದವಳಲ್ಲ. ನೆವೆಂಕಾ ಪ್ರಸಾದದ ತಟ್ಟೆ ಹಿಡಿದಳು. ಅಮ್ಮ ಚಮಚ ಮುಟ್ಟಲಿಲ್ಲ.

"ನೀನು ತಿಂದ್ಯಾ?"

ಇಲ್ಲ ಎಂದು ನೆವೆಂಕಾ ತಲೆಯಾಡಿಸಿದಳು.

"ಹಾಗಾದ್ರೆ ನಂಗೂ ಬೇಡಮ್ಮ. ನಿಂಗೆ ಈ ಗತಿ ತಂದವಳು ನಾನು."

ನೆವೆಂಕಾ ಚಮಚ ತುಂಬಿ ಅಮ್ಮನ ಬಾಯಿಯ ಹತ್ತಿರ ಹಿಡಿದಳು.

"ಒಂದು ನಿಮ್ದು, ಒಂದು ನಂದು. ನನ್ನ ಪಾಲೂ ನೀವೇ ತಿನ್ನಿ ಅಮ್ಮ."

ಅಮ್ಮ ಶಿಲುಬೆ ಗುರುತು ಹಾಕಿಕೊಂಡು ತಿಂದಳು. ಎರಡನೆಯದಕ್ಕೆ ಮತ್ತೆ ಗುರುತು ಹಾಕಿಕೊಂಡಳು. ಅಳುತ್ತ ನಿಧಾನಕ್ಕೆ ಅಗಿದಳು. ನಾನೂ ಅತ್ತುಬಿಟ್ಟೆ. ಮುಚ್ಚಿಡಲಿಲ್ಲ.

ಶುಕ್ರವಾರದ ಉಪವಾಸವಾದ್ದರಿಂದ ಮಾಂಸವಿಲ್ಲ, ಮೀನಿನ ಊಟ. ನೆವೆಂಕಾಳ ಪಾಲನ್ನು ಬೇರೆಯಾಗಿ ತೆಂಗಿನ ಹಾಲಿನಲ್ಲಿ ಬೇಯಿಸಿದ್ದೆ, ಅಂಗಡಿಯ ಹುಡುಗಿ ಹೇಳಿಕೊಟ್ಟಂತೆ. ಅಮ್ಮ ಬಿಳಿ ಸಾರು ನೋಡಿ ಬೆಚ್ಚಿದಳು. ಶುಕ್ರವಾರ ಹಾಲೇ? ಮರದ ಕಾಯಿಯದ್ದು ಎಂದೆ. ಮರಕ್ಕೆ ಹಾಲೆಲ್ಲಿಂದ ಬಂತು ಎಂದಳು. ಉಪವಾಸಕ್ಕೆ ಸಲ್ಲುತ್ತದೆಯೇ ಎಂದು ಪಾದ್ರಿಯನ್ನೇ ಕೇಳಿದಳು. ಪಾದ್ರಿ ತಮ್ಮ ತಟ್ಟೆಗೆ ಒಂದು ಸೌಟು ಹಾಕಿಸಿಕೊಂಡು ರೊಟ್ಟಿ ಅದ್ದಿ ತಿಂದರು, ಯೋಚಿಸಿದರು, ಇನ್ನೊಮ್ಮೆ ಅದ್ದಿದರು. ಸಲ್ಲುತ್ತದೆ ಎಂದರು. ಅಮ್ಮನೂ ರುಚಿ ನೋಡಿದಳು.

"ಉಪ್ಪು ಸಾಲದು ಕಣೋ."

ಉಪ್ಪಿನ ಬಟ್ಟಲಿಗೆ ಕೈ ಹಾಕಿದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನಮ್ಮ, ನನ್ನ ಅಪ್ಪಣೆಗೆ ಕಾದು ನಿಂತಳು. ಹಾಕಮ್ಮ ಎಂದೆ. ಹಾಕಿದಳು. ನೆವೆಂಕಾ ಒಂದು ತುತ್ತು ತಿಂದಳು. ಇನ್ನೊಂದು. ನಾನು ನೋಡದವನಂತೆ ವೈನ್ ಸುರಿಯುತ್ತ ಕೂತೆ, ಪಕ್ಕದವನ ಲೋಟ ತುಂಬಿ ಹರಿಯಿತು.

ಎಲ್ಲರೂ ಹೋದರು. ಅತ್ತೆ, ಸೊಸೆ ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದಾರೆ. ಈಗ ನೆವೆಂಕಾ ಕೂಗಿ ಏನೋ ಕೇಳಿದಳು. ಕೇಳಿಸಿತು, ಆದರೂ ಏನು ಎಂದೆ. ಇನ್ನೊಮ್ಮೆ ಕೇಳಿಸಿಕೊಳ್ಳಬೇಕಿತ್ತು ನನಗೆ. ಹಸಿವಾಗುತ್ತಿದೆಯಂತೆ. ಮನೆಯಲ್ಲಿ ತಿನ್ನಲು ಇನ್ನೇನಿದೆ ಎನ್ನುತ್ತಿದ್ದಾಳೆ. ಮೀನು ಮುಗಿಯಿತು, ಸಾರು ಇದೆ, ಅದನ್ನೇ ಬಿಸಿ ಮಾಡಲು ಎದ್ದೆ.