ಹಗಲು ಸರಿಸಿದ ಪರದೆ

ಜುಮುಂಜಿನ್
೯ ಅಕ್ಟೋಬರ್ ೨೦೦೩

ಪ್ರೀತಿಯ ಮಲ್‌ಸೂನ್ ಅಕ್ಕನಿಗೆ,

ಮೂವತ್ತೇಳು ವರ್ಷದ ಮೇಲೆ ಓಕ್‌ಬುನ್ ಕಾಗದ ಬರೆದಿದ್ದಾಳೆಂದರೆ ಏನೋ ಮಾರಲು ಬಂದಿದ್ದಾಳೆ ಎಂದುಕೊಳ್ಳಬೇಡ. ನನ್ನ ಒಣಮೀನಿನ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ಒಮ್ಮೆ ಮಾರಿದ ಸುಳ್ಳನ್ನು ವಾಪಸು ತೆಗೆದುಕೊಳ್ಳಲು ಬರೆಯುತ್ತಿದ್ದೇನೆ.

ನಮ್ಮಿಬ್ಬರ ಗಂಡಂದಿರು ಕಾದ ದೀಪಸ್ತಂಭದ ಚರಿತ್ರೆ ಅಚ್ಚಾಗುತ್ತಿದೆ. ಅದನ್ನು ಬರೆಯುತ್ತಿರುವ ಕನ್ನಡಕದ ಹೆಂಗಸು ಹಳೆಯ ಫೋಟೋ ಕೇಳಿಕೊಂಡು ಅಂಗಡಿಗೆ ಬಂದಳು, ಕರಡು ಓದಿ ಹೇಳಿದಳು. ೧೯೦೮ರಿಂದ ಇಪ್ಪತ್ತಮೂರು ಕಾವಲುಗಾರರು. ಒಬ್ಬನನ್ನು ಅಲೆ ಒಯ್ದಿತು. ಇನ್ನೊಬ್ಬ ಯುದ್ಧದ ಚಳಿಗಾಲದಲ್ಲಿ ಎಣ್ಣೆ ಮುಗಿದಾಗ ತನ್ನ ಮನೆಯ ಬಾಗಿಲು ಒಡೆದು ಉರಿಸಿದ. ಬೋಕ್‌ಮಾನ್ ಭಾವನ ಪಾಲಿಗೆ ಒಂದೇ ಸಾಲು: ೧೯೬೬ರಲ್ಲಿ ಇವರ ಸಿಗರೇಟಿನಿಂದ ದೀಪದ ಕೋಣೆಗೆ ಬೆಂಕಿ ಬಿತ್ತು. ಭಾವನೇ ಹಾಗೆ ಬರೆದು ಸಹಿ ಹಾಕಿ ಕಳಿಸಿದ್ದಾರಂತೆ.

ಅಕ್ಕಾ, ಅದು ಸಿಗರೇಟಲ್ಲ. ನನ್ನ ಬೊಂಡಾಸ್ ಮೀನು.

ಆ ವರ್ಷ ಕಡಲಹಕ್ಕಿಗಳು ಅಂಗಳದ ಹಗ್ಗದ ಮೇಲೆ ಒಂದನ್ನೂ ಉಳಿಸುತ್ತಿರಲಿಲ್ಲ. ಮೇಲಿನ ಗಾಜಿನ ಕೋಣೆಯಲ್ಲಿ ಹಕ್ಕಿಯ ಕಾಟವಿಲ್ಲ, ಬಿಸಿಲು ಧಾರಾಳ. ಬೆಳಿಗ್ಗೆ ಭಾವ ದೀಪ ಒರೆಸಿ, ಪರದೆ ಎಳೆದು ಇಳಿದ ಮೇಲೆ ನಾನು ಹತ್ತಿದೆ. ಪರದೆ ಸರಿಸಿ ಇಪ್ಪತ್ತು ಮೀನು ನೇತುಹಾಕಿದೆ. ಹಗಲು ಪರದೆ ತೆರೆದರೆ ಆ ದೊಡ್ಡ ಮಸೂರ ಬಿಸಿಲನ್ನೇ ಹಿಡಿದು ಕೊಳ್ಳಿ ಮಾಡುತ್ತದೆಂದು ನಮ್ಮ ಎರಡು ಮನೆಯ ಕೂಸುಗಳಿಗೂ ಗೊತ್ತಿತ್ತು. ಅರ್ಧ ಗಂಟೆ ತಾನೇ ಅಂದುಕೊಂಡೆ. ಹೊಗೆ ಕಂಡು ಮೊದಲು ಓಡಿದವಳೂ ನಾನೇ, ಸುಟ್ಟ ಮೀನನ್ನು ಕಡಲಿಗೆ ಎಸೆದವಳೂ ನಾನೇ. ಸೇದುವವರು ಯಾರೆಂದು ಮೇಲಧಿಕಾರಿ ಕೇಳಿದಾಗ ಭಾವ ಕೈಯೆತ್ತಿದರು. ತಮ್ಮದೇ ಕಿಡಿಯೆಂದು ನಂಬಿಬಿಟ್ಟರು, ಪಾಪ. ನನಗಾಗ ಏಳು ತಿಂಗಳು. ನಿಜ ಹೇಳಿದ್ದರೆ ಆ ನೀರಿಲ್ಲದ ಬಂಡೆಯ ದೀಪಕ್ಕೆ ನಮ್ಮ ವರ್ಗವಾಗುತ್ತಿತ್ತು. ಹೋದವರು ನೀವು. ದೋಣಿಯ ಹತ್ತಿರ ನಾನು ಅತ್ತದ್ದು ಪ್ರೀತಿಗೆಂದು ನೀನು ತಿಳಿದೆ. ಅದರಲ್ಲಿ ಅರ್ಧ ಮಾತ್ರ ಪ್ರೀತಿ.

ಎಲ್ಲ ಹೇಳಿಬಿಟ್ಟೆ. ಆ ಹೆಂಗಸು ಪೆನ್ನು ಕೆಳಗಿಟ್ಟಳು. "ಅಜ್ಜೀ, ದೀಪಸ್ತಂಭದಲ್ಲಿ ಮೀನು ಒಣಗ್ಸಿದ್ರಾ?"

"ಹೂಂ ಕಣಮ್ಮ. ಸರ್ಕಾರ ಅಷ್ಟು ಒಳ್ಳೇ ಒಲೆ ಕಟ್ಟಿಸಿ ಹಗಲೆಲ್ಲಾ ಖಾಲಿ ಬಿಡ್ತಿತ್ತು," ಎಂದೆ.

ನಕ್ಕಳು, ಆದರೆ ಬರೆದುಕೊಂಡಳು. ಅಚ್ಚಿಗೆ ಹೋಗಲು ನಾಲ್ಕೇ ದಿನವಿತ್ತು. ತಿದ್ದಿದ ಪುಟವನ್ನು ನಿನ್ನೆ ತಂದು ತೋರಿಸಿದಳು: ಭಾವನದು ಹತ್ತೊಂಬತ್ತು ವರ್ಷದ ಸೇವೆ, ಒಂದೂ ಕಲೆಯಿಲ್ಲ. ಕೆಳಗೆ ನನ್ನ ಹೆಸರು. ಇಡೀ ಪುಸ್ತಕದಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಮನೆಗೆ ಬಂದು ಎರಡು ಬಟ್ಟಲು ಅನ್ನ ಉಂಡೆ.

ಬೈಯುವುದಿದ್ದರೆ ಬಂದು ಎದುರಿಗೇ ಬೈ. ಕಾಗದದಲ್ಲಿ ಬೈದರೆ ಇಬ್ಬರಿಗೂ ತೃಪ್ತಿಯಿರದು.

ಇನ್ನೂ ನಿನ್ನ ತಂಗಿಯೇ ಆಗಿದ್ದರೆ,
ಓಕ್‌ಬುನ್

ತಾ.ಕ.: ಭಾವ ಸಹಿ ಹಾಕಿ ಕಳಿಸಿದ್ದ ಹಾಳೆಯನ್ನೂ ಅವಳು ತೋರಿಸಿದಳು. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಈ ಬೆಂಕಿಯ ವಿಷಯ ಓಕ್‌ಬುನ್‌ಳನ್ನು ಕೇಳಬೇಡಿ, ಅವಳಿಗೇನೂ ಗೊತ್ತಿಲ್ಲ." ಗೊತ್ತಿಲ್ಲದವಳನ್ನು ಕೇಳಬೇಡಿ ಅಂತ ಯಾರು ಬರೀತಾರೆ, ಅಕ್ಕಾ?