ದವಾಖಾನೆಯ ಬಾಗಿಲು ಮತ್ತು ನನ್ನ ಮೊಣಕಾಲು ನೋವು

ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರೇ,

ನಮ್ಮೂರ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರ ಕೋಣೆಗೆ ಬಾಗಿಲಿಲ್ಲ. ಎರಡು ವರ್ಷದ ಹಿಂದೆ ಕಣ್ಣಿನ ಶಿಬಿರಕ್ಕೆ ಮೇಜು ಸಾಲದೆ ನಿಮ್ಮವರೇ ಬಾಗಿಲನ್ನು ಕಳಚಿ ಮೇಜು ಮಾಡಿಕೊಳ್ಳಲು ಒಯ್ದರು. ಊರವರ ಕಣ್ಣು ಸರಿಯಾದವು, ಬಾಗಿಲು ಮಾತ್ರ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಬಾಗಿಲಿಲ್ಲವೆಂದು ಯಾರಾದರೂ ಸಾಯುತ್ತಾರೆಯೇ ಎಂದು ತಾವು ಕೇಳಬಹುದು. ಸಾಯುತ್ತಾರೆ, ಸಾಹೇಬರೇ. ನಾನು ಸ್ವಲ್ಪದರಲ್ಲಿ ತಪ್ಪಿಸಿಕೊಂಡವನು.

ನನಗೆ ಐವತ್ತೆಂಟು ವರ್ಷ, ಕಾಲುವೆಯ ಗೇಟು ತಿರುಗಿಸುವ ಕೆಲಸ. ಕೃಷ್ಣೆಯ ನೀರು ಬಂದ ಮೇಲೆ ಸುರಪುರ ಸೀಮೆಯ ಹೊಲಗಳೆಲ್ಲ ಹಸಿರಾದವು. ನನ್ನ ಸಂಸಾರದಲ್ಲಿ ಮಾತ್ರ ಒಂದು ವರ್ಷದಿಂದ ಬರಗಾಲ. ನಾಚಿಕೆಯ ವಿಷಯ, ಆದರೂ ಡಾಕ್ಟರನ್ನು ಕೇಳೋಣವೆಂದು ಹೋದೆ. ಬೆನ್ನ ಹಿಂದೆ ನಲವತ್ತು ಮಂದಿಯ ಸರದಿ, ಅದರಲ್ಲಿ ನನ್ನ ಬೀಗತಿಯೂ ಒಬ್ಬಳು. ಡಾಕ್ಟರು "ಏನಾಗೇದರಿ?" ಎಂದರು. "ಮೊಣಕಾಲ ನೋವ್ರಿ" ಎಂದೆ. ಮುಲಾಮು ಕೊಟ್ಟರು. ಮೂರು ಸಲ ಹೋದೆ, ಮೂರು ಮುಲಾಮು ತಂದೆ. ಇವತ್ತು ಇಡೀ ತಾಲೂಕಿನಲ್ಲಿ ನನ್ನಂಥ ಮೊಣಕಾಲು ಯಾರಿಗೂ ಇಲ್ಲ.

ಕೊನೆಗೆ ಗೆಳೆಯ ಅಮಾತೆಪ್ಪನ ಮುಂದೆ ಬಾಯಿಬಿಟ್ಟೆ. ಅವನು ಶಹಾಪುರದ ಸಂತೆಯಿಂದ ತಂದಿದ್ದ ಎರಡು ನೀಲಿ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟು, "ಭಾರಿ ಜಲ್ದಿ ಗುಳಗಿ ಐತಿ, ಹತ್ತ ಮಿನಿಟ ಸಾಕು" ಎಂದ. ಮಕ್ಕಳೆಲ್ಲ ಸೈದಾಪುರದ ಮದುವೆಗೆ ಹೋದ ಒಂದು ಮಧ್ಯಾಹ್ನ, ಮಟನ್ ಊಟ ಬಿಗಿಯಾಗಿ ಹೊಡೆದು ಒಂದನ್ನು ನುಂಗಿದೆ. ಹತ್ತು ಮಿನಿಟಾಯಿತು, ಇಪ್ಪತ್ತಾಯಿತು, ಏನೂ ಇಲ್ಲ. ಮೂವತ್ತು ವರ್ಷದಿಂದ ಕಾಲುವೆಯ ಕೊನೆ ಭಾಗದ ರೈತರಿಗೆ "ಗೇಟ ಎತ್ತೀನಿ, ನೀರು ಬರಾಕ ಟೈಮ್ ಹಿಡೀತೈತಿ, ತಡೀರಿ" ಎಂದು ಬುದ್ಧಿ ಹೇಳುತ್ತ ಬಂದವನು ನಾನೇ. ನನ್ನ ಪಾಳಿ ಬಂದಾಗ ತಡೆಯಲಾಗಲಿಲ್ಲ. ಎರಡನೆಯದನ್ನೂ ನುಂಗಿಬಿಟ್ಟೆ.

ತಲೆ ಸಿಡಿಯಿತು, ಮುಖ ಕೆಂಪಾಯಿತು, ಎದೆ ಹಿಂಡತೊಡಗಿತು. ಹೆಂಡತಿ ತಿಮ್ಮವ್ವ ಆಟೋದಲ್ಲಿ ಹಾಕಿಕೊಂಡು ಅದೇ ದವಾಖಾನೆಗೆ ಒಯ್ದಳು. ಸಿಸ್ಟರ್ ಸರ್ವರಬೇಗಂ ಎದೆನೋವಿನ ಗುಳಿಗೆಯನ್ನು ನಾಲಿಗೆಯ ಕೆಳಗಿಡಲು ಬಂದವರು, "ಬ್ಯಾರೆ ಏನರ ಗುಳಗಿ ತಗೊಂಡೀರೇನ್ರಿ?" ಎಂದು ಕೇಳಿದರು. ಅದೇ ಬಾಗಿಲಿಲ್ಲದ ಕೋಣೆ, ಹೊರಗೆ ಅಷ್ಟೇ ಮಂದಿ. "ಇಲ್ರಿ" ಎಂದೆ. ಜೀವ ಬಿಟ್ಟೇವು, ಮರ್ಯಾದೆ ಬಿಡೆವು ಅನ್ನುವ ಜಾತಿ ನಮ್ಮದು, ಗಂಡಸರದು.

ತಿಮ್ಮವ್ವ ಮರ್ಯಾದೆ ಬಿಟ್ಟಳು. ಹೊಲದ ಆ ತುದಿಗೆ ಕೂಗಿ ಅಭ್ಯಾಸವಾದ ದನಿಯಲ್ಲಿ, "ಸುಳ್ಳ ಹೇಳಾಕತ್ತಾರ್ರಿ! ಗಂಡಸ್ತನದ ಗುಳಗಿ ನುಂಗ್ಯಾರ, ಅದೂ ಎರಡೆರಡು! ಕಾಗದ ನಾನ ನೋಡೀನಿ!" ಎಂದಳು.

ಸಿಸ್ಟರ್ ಕೈ ಅಲ್ಲೇ ನಿಂತಿತು. ಆ ಗುಳಿಗೆಯೂ ಈ ಗುಳಿಗೆಯೂ ಕೂಡಿದರೆ ಬಿ.ಪಿ. ಒಮ್ಮೆಲೇ ಕುಸಿದು ಮನುಷ್ಯ ಉಳಿಯುವುದೇ ಕಷ್ಟವಂತೆ. ಬೇರೆ ಚಿಕಿತ್ಸೆ ಕೊಟ್ಟು ಉಳಿಸಿದರು. ಮರುದಿನ ಡಾಕ್ಟರು ತಿಳಿಸಿ ಹೇಳಿದರು: ಗುಳಿಗೆ ಕೆಟ್ಟದ್ದಲ್ಲ, ಆದರೆ ಮೊದಲು ಎದೆ, ಬಿ.ಪಿ. ತೋರಿಸಿ ಚೀಟಿ ಬರೆಸಿಕೊಳ್ಳಬೇಕು. ದಿನಕ್ಕೆ ಒಂದೇ. ಒಂದು ತಾಸಾದರೂ ಕಾಯಬೇಕು, ಹೊಟ್ಟೆ ಬಿರಿಯುವಂತೆ ಉಂಡರೆ ಇನ್ನೂ ತಡ. ಎದೆನೋವಿನ ಗುಳಿಗೆ ತಿನ್ನುವವರು ಮುಟ್ಟಲೇಬಾರದು. ಇಷ್ಟೇ ಮಾತು! ಇದನ್ನು ಮೊದಲೇ ಮೆಲ್ಲಗೆ ಕೇಳಿಕೊಳ್ಳಲು ನನಗೆ ಒಂದು ಬಾಗಿಲು ಬೇಕಿತ್ತು.

ನನ್ನ ಮಾನ ಹೋದದ್ದು ಹೋಯಿತು, ಅದಕ್ಕೇ ಈ ಪತ್ರ ಬಹಿರಂಗ. ಆದರೆ ಅಮಾತೆಪ್ಪನ ಜೇಬಿನಲ್ಲಿ ಇಂದಿಗೂ ನೀಲಿ ಗುಳಿಗೆಯ ಪಕ್ಕದಲ್ಲೇ ಎದೆನೋವಿನ ಗುಳಿಗೆ ಇದೆ. ಡಾಕ್ಟರಿಗೆ ಹೇಳು ಎಂದರೆ, "ಅಷ್ಟ ಮಂದ್ಯಾಗ ಹೆಂಗ ಹೇಳ್ಲೋ ದೋಸ್ತ?" ಅನ್ನುತ್ತಾನೆ. ಹೋದ ಸೋಮವಾರ ಅವನೂ ಮೊಣಕಾಲಿನ ಮುಲಾಮು ತಂದ. ನನಗೆ ಭಯವಾಗುತ್ತಿದೆ. ಹೆಸರು ಬರೆದದ್ದಕ್ಕೆ ನನ್ನ ಜೊತೆ ಮಾತು ಬಿಡುತ್ತಾನೆ. ಬಿಡಲಿ, ಬದುಕಿದ್ದು ಬಿಡಲಿ.

ಹದಿನೈದು ದಿನದೊಳಗೆ ಆ ಬಾಗಿಲನ್ನು ಚಿಲಕ ಸಮೇತ ಕೂರಿಸಿ. ಒಳಗೆ ಕುಳಿತ ಡಾಕ್ಟರು ಐವತ್ತು ದಾಟಿದ ಗಂಡಸರನ್ನು ತಾವಾಗಿಯೇ ವಿಚಾರಿಸಲಿ. ತಡ ಮಾಡಬೇಡಿ, ಸಾಹೇಬರೇ. ಅಮಾತೆಪ್ಪನ ಹೆಂಡತಿ ಲಾಲಮ್ಮನ ದನಿ ಬಹಳ ಮೆತ್ತಗೆ.

ಇಂತಿ,
ಮೂರು ಮುಲಾಮುಗಳನ್ನು ವಾಪಸು ಕೊಡಲು ಸಿದ್ಧನಿರುವ,
ದ್ಯಾವಪ್ಪ, ಕಾಲುವೆ ಗೇಟಿನವನು