ಭೂತಾನದ ವೀಳ್ಯ

ಅಕ್ಟೋಬರ್ 27, ಸೋಮವಾರ. ಹಾಸ್ಟೆಲ್

ಗೀಸರ್ ಮತ್ತೆ ಕೆಟ್ಟಿದೆ. ತಣ್ಣೀರು ಸ್ನಾನ. ಮ್ಯಾಥ್ಸ್ ಎರಡನೇ ಮಾಡ್ಯೂಲ್ ಇನ್ನೂ ಅರ್ಧ. ಇಂಟರ್ನಲ್ಸ್ ಮುಂದಿನ ತಿಂಗಳ ಕೊನೆಗೆ.

ತಿಂಡಿ ಹೊತ್ತಿಗೆ ಅಮ್ಮನ ಫೋನ್. ಭೂತಾನ್‌ಗೆ ಹೋಗ್ತೀವಂತೆ! ಬೋರಯ್ಯ ದೊಡ್ಡಪ್ಪನಿಗೆ ಅರವತ್ತು ತುಂಬಿತಲ್ಲ, ಅದಕ್ಕೆ ಅವರ ಖರ್ಚಲ್ಲಿ ಫ್ಯಾಮಿಲಿ ಟ್ರಿಪ್. ಲಕ್ಷುರಿ, ಕಲ್ಚರಲ್, ಟ್ರೆಕ್ಕಿಂಗ್ — ಬ್ರೋಶರ್ ಹಿಡ್ಕೊಂಡು ಒಂದೊಂದೇ ಪದ ಓದಿದ್ಲು. ಹೊಣಕೆರೆಯಿಂದ ಮೈಸೂರಿಗೆ ಹೋಗೋಕೂ ನೆಂಟರ ಕಾರು ಕಾಯೋ ಮನೆ ನಮ್ಮದು.

"ಇಂಟರ್ನಲ್ಸ್ ಇದೆ ಅಮ್ಮ."

"ಪುಸ್ತಕ ತಕ್ಕೊಂಡ್ ಬಾ. ಅಲ್ಲೇ ಓದ್ಕೊಳ್ಳೀವಂತೆ. ತಂಪಾಗಿರ್ತದೆ."

ತಂಪಾಗಿರ್ತದೆ! ಐದನೇ ಕ್ಲಾಸಿಗೇ ಹಾಸ್ಟೆಲ್‌ಗೆ ಹಾಕಿ ಓದು, ಓದು ಅಂದವರು ಇವರೇ. ಜ್ವರ ಬಂದಾಗ "ಕ್ಲಾಸ್ ತಪ್ಪಿಸ್ಬ್ಯಾಡ" ಅಂದವರೂ ಇವರೇ. ಈಗ ಹತ್ತು ದಿನ ಅಟೆಂಡೆನ್ಸ್ ಹೋದ್ರೆ ಪರವಾಗಿಲ್ಲ.

ರೂಮ್‌ಮೇಟ್ ಇಫ್ಫತ್ ಪಕ್ಕದ ಮಂಚದಿಂದಲೇ ಬೈದಳು. "ಫ್ರೀ ಫಾರಿನ್ ಟ್ರಿಪ್‌ಗೆ ಅಳ್ತೀಯಲ್ಲೇ, ಪಾಗಲ್! ನಮ್ಮ ಅಬ್ಬಾ ಟೆಂಪೋ ಟ್ರಾವೆಲರ್ ಇಟ್ಕೊಂಡೂ ನಮ್ಮನ್ನ ನಮ್ಮೂರು ಗಂಜಾಂ ದಾಟಿಸಿಲ್ಲ."

ನಗು ಬಂತು.

ನವೆಂಬರ್ 4, ಮಂಗಳವಾರ. ಹೊಣಕೆರೆ

ಸೂಟ್‌ಕೇಸ್ ಬಿಚ್ಚಿ ನೋಡಿದೆ. ರಾಗಿ ಹಿಟ್ಟು. ಚಟ್ನಿಪುಡಿ. ದೊಡ್ಡಪ್ಪನ ಮಂಕಿ ಕ್ಯಾಪ್. ನನ್ನ ಕಡೆ — ರೇಷ್ಮೆ ಸೀರೆ, ಅದೂ ಎರಡು. ಜುಮುಕಿ. ಅಮ್ಮನ ಸರ. ಶೂ ಮಾತ್ರ ಇಲ್ಲ.

"ಬೆಟ್ಟ ಹತ್ತೋಕೆ ಜುಮುಕಿ ಯಾಕೆ?"

"ಫೋಟೋಗೆ ಕಣವ್ವ."

ಅಪ್ಪ ಜಗುಲಿ ಮೇಲೆ ಎಲೆಗೆ ಸುಣ್ಣ ಸವರ್ತಾ ಕೂತಿದ್ರು. ನನ್ನ ಮುಖ ನೋಡ್ಲಿಲ್ಲ. ಅವರ ಚಿಂತೆ ಒಂದೇ — ಏರ್‌ಪೋರ್ಟಲ್ಲಿ ಅಡಕತ್ತರಿ ಬಿಡ್ತಾರೋ ಇಲ್ವೋ.

ದೊಡ್ಡಪ್ಪ ಬೈದ್ರು. "ಎಲೆ ಅಡಿಕೆ ಒಂದ್ವಾರ ಬುಡ್ಲಾ ಚಲುವ. ಅಂಥ ಓಟ್ಲಲ್ಲಿ ಎಲ್ಲುಗಿದೀಯ? ಮಾನ ಕಳೀಬ್ಯಾಡ."

"ಆಯ್ತಣ್ಣ."

ಅಪ್ಪ ಅಣ್ಣನ ಮುಂದೆ ಬೇರೆ ಮಾತಾಡಿದ್ದನ್ನ ನಾನು ಕೇಳೇ ಇಲ್ಲ. ನನ್ನನ್ನ ಹಾಸ್ಟೆಲ್‌ಗೆ ಸೇರಿಸಿದ್ದೂ ಒಂದು 'ಆಯ್ತಣ್ಣ'ದಿಂದಲೇ.

ನವೆಂಬರ್ 6, ಗುರುವಾರ. ಕಲ್ಕತ್ತಾ ಏರ್‌ಪೋರ್ಟ್

ಪೆನ್ನು ಒತ್ತಿ ಹಾಳೆ ಹರೀತು. ಸಿಟ್ಟಿಗೆ.

ಗೇಟ್ ಹತ್ರ ಕೂತಿದ್ವಿ. ದೊಡ್ಡಪ್ಪ ಇದ್ದಕ್ಕಿದ್ದಂಗೆ ಎದ್ದು ಎರಡೂ ಕೈ ಅಗಲ ಮಾಡಿ — "ಅಲಲಲಾ! ನೀವೂ ಇಲ್ಲೇಯಾ!"

ಕೆ.ಆರ್. ಪೇಟೆಯವರು. ಹೇಮಗಿರಿ ರೋಡಲ್ಲಿ ರೈಸ್‌ಮಿಲ್ ಇದೆಯಂತೆ. ಯಶೋದಮ್ಮ, ಅವರ ಯಜಮಾನರು, ಮಗ ನಿಂಗರಾಜು. ಮಗನಿಗೆ ಇಪ್ಪತ್ತೇಳು. ಏನು ಆಶ್ಚರ್ಯ, ಏನು ಯೋಗ, ಎಂಥಾ ಭೇಟಿ... ದೊಡ್ಡಪ್ಪನಿಗೆ ಆಕ್ಟಿಂಗ್ ಬರಲ್ಲ. ನಮ್ಮ ಬ್ಯಾಗಿಗೆ ಟೂರಿನವರು ಕಟ್ಟಿರೋ ಹಳದಿ ಟ್ಯಾಗೇ ಅವರ ಬ್ಯಾಗಿಗೂ ಕಟ್ಟಿದೆ. ಎರಡರ ಮೇಲೂ ಒಂದೇ ಹೆಸರು: ಬೋರಯ್ಯ ಪಾರ್ಟಿ.

ಯಶೋದಮ್ಮ ನನ್ನನ್ನ ತಲೆಯಿಂದ ಕಾಲವರೆಗೂ ನೋಡಿದ್ರು. "ಇವಳೇಯಾ? ಫೋಟೋದಲ್ಲಿ ಒಸಿ ಬೆಳ್ಳಗ್ ಕಂಡಿದ್ಲು."

ಯಾವ ಫೋಟೋ? ಯಾರು ಕೊಟ್ರು?

ಬಾತ್‌ರೂಮಲ್ಲಿ ಕೂತು ಬರೀತಿದೀನಿ. ಬೋರ್ಡಿಂಗ್ ಕರೀತಿದಾರೆ.

ನವೆಂಬರ್ 7, ಶುಕ್ರವಾರ. ಪಾರೋ

ರೂಮು ನಮ್ಮ ಹಾಸ್ಟೆಲ್ ಮೆಸ್‌ನಷ್ಟು ದೊಡ್ಡದು. ದಿಂಬು ಆರಿಸೋಕೇ ಒಂದು ಮೆನು. ಸ್ನಾನಕ್ಕೆ ಕಾದ ಕಲ್ಲು ಹಾಕಿದ ಮರದ ತೊಟ್ಟಿ. ಕಿಟಕಿ ತುಂಬಾ ಬೆಟ್ಟ. ಇದೆಲ್ಲ ನನ್ನನ್ನ ತೋರಿಸೋಕೆ ಹಾಕಿದ ಚಪ್ಪರ.

ಅಮ್ಮ ಕೊನೆಗೂ ಬಾಯಿ ಬಿಟ್ಟಳು. "ನೋಡ್ಲಿ ಅಂತ ಅಷ್ಟೆ ಕಣೆ. ಊರಲ್ಲಿ ಎಣ್ಣು ನೋಡೋಕ್ ಬಂದ್ರೆ ನೀನು ರೂಮಿಂದ ಆಚೆಗ್ ಬತ್ತಿದ್ದಾ? ಇಲ್ಲಾದ್ರೆ ಎಲ್ಲೋಯ್ತೀಯ?"

ಎಲ್ಲೋಯ್ತೀಯ!! ಪಾಸ್‌ಪೋರ್ಟ್ ಕೂಡ ದೊಡ್ಡಪ್ಪನ ಹ್ಯಾಂಡ್‌ಬ್ಯಾಗಲ್ಲಿ.

"ಮಾತಾದ್ರೆ ಬೇಸಿಗೇಲಿ ಮದುವೆ."

"ನನ್ನ ಓದು?"

"ಅವ್ರೇ ಓದುಸ್ತಾರಂತೆ. ಕರೆಸ್ಪಾಂಡೆನ್ಸು ಅಂತ ಇರ್ತದಲ್ಲ."

ಸಿವಿಲ್ ಇಂಜಿನಿಯರಿಂಗ್. ಕರೆಸ್ಪಾಂಡೆನ್ಸಲ್ಲಿ. ಸೇತುವೆ ಏನು ಪೋಸ್ಟಲ್ಲಿ ಕಟ್ತಾರಾ?

ಊಟಕ್ಕೆ ಸೀರೆ ಉಡಿಸಿದ್ರು. ಬೇರೆ ದೇಶದ ಟೂರಿಸ್ಟ್‌ಗಳು ಜಾಕೆಟ್ಟಲ್ಲಿ. ನಾನು ಜುಮುಕಿಯಲ್ಲಿ. ಯಶೋದಮ್ಮ ನೀರಿನ ಜಗ್ಗು ತೋರಿಸಿ, "ಒಸಿ ಎಲ್ರಿಗೂ ಬಗ್ಸವ್ವ" ಅಂದ್ರು. ಹಿಂದೆ ವೇಟರ್ ನಿಂತಿದ್ದ. ಬಗ್ಗಿಸಿದೆ. ಯಾಕೆ ಬಗ್ಗಿಸಿದೆ ಗೊತ್ತಿಲ್ಲ. ಬೇಡ ಅನ್ನೋ ಮಾತು ನನ್ನ ಬಾಯಿಗೆ ಬರೋದೇ ಇಲ್ಲ, ಯಾವಾಗಲೂ.

ನವೆಂಬರ್ 9, ಭಾನುವಾರ. ಕ್ಯಾಂಪ್

ಇಡೀ ದಿನ ಹತ್ತಿದ್ದೇ. ನನ್ನ ಕಾಲಲ್ಲಿ ಅಮ್ಮನ ವಾಕಿಂಗ್ ಶೂ. ಯಶೋದಮ್ಮ ಕುದುರೆ ಮೇಲೆ. ಮೇಲಿಂದಲೇ ವಿಚಾರಣೆ. "ಉಸಿರು ಕಟ್ತದಾ ಮಗ? ಆಸ್ತಮಾ ಗೀಸ್ತಮಾ ಏನಾರಾ?" ಉಸಿರು ಕಟ್ಟಿದ್ದು ನಿಜ. ಆಸ್ತಮಾದಿಂದ ಅಲ್ಲ.

ಗೈಡ್ ಸೋನಮ್. ಮೊಣಕಾಲವರೆಗಿನ ನಿಲುವಂಗಿ, ಉದ್ದ ಸಾಕ್ಸ್. "ಗಂಡುಸ್ರು ಲಂಗ ಹಾಕವ್ರಲ್ಲಾ" ಅಂತ ದೊಡ್ಡಪ್ಪ ಜೋರಾಗಿ ನಕ್ಕರು. ನಾಚಿಕೆಯಿಂದ ಸತ್ತೆ. ಅಪ್ಪ ಮಾತ್ರ ಸೋನಮ್ ಜೊತೆ ಮುಂದೆ ಮುಂದೆ. ಇಬ್ಬರ ಬಾಯೂ ಕೆಂಪು. ಇಲ್ಲೂ ಎಲೆ ಅಡಿಕೆ ಇದೆ! ಡೋಮ ಅಂತಾರೆ. ಹಸಿ ಅಡಿಕೆ, ಎಲೆ, ಸುಣ್ಣ — ಅಂಗಿ ಮಡಿಕೇಲೇ ಇಟ್ಕೊಂಡು ತಿರುಗ್ತಾರೆ, ದಾರೀಲಿ ಸಿಕ್ಕವರಿಗೆಲ್ಲ ಕೊಡ್ತಾರೆ. ಅಪ್ಪನಿಗೆ ಅವನ ಭಾಷೆ ಬರಲ್ಲ, ಅವನಿಗೆ ಅಪ್ಪನದು ಬರಲ್ಲ. ಅಷ್ಟು ಖುಷಿಯಾಗಿ ಅಪ್ಪನನ್ನ ನೋಡಿಯೇ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು. ಮಗಳನ್ನ ಸಂತೆಗೆ ಹೊಡ್ಕೊಂಡು ಹೋಗ್ತಾ ಎಲೆ ಅಡಿಕೆ!

ನಿಂಗರಾಜು ಎರಡು ಸಲ ವಾಂತಿ ಮಾಡ್ಕೊಂಡ. ನನ್ನ ಓಆರ್‌ಎಸ್ ಕೊಟ್ಟೆ. ಯಾರೂ ಹತ್ರ ಇರಲಿಲ್ಲ ಅಂತ ಕೇಳಿಯೇಬಿಟ್ಟೆ.

"ನಿಮಗೆ ಇದೆಲ್ಲ ಇಷ್ಟನಾ?"

"ನಂದೇನಿಲ್ಲ. ನಮ್ಮಮ್ಮ ಹೇಳ್ದಂಗೆ."

"ಹಾಗಾದ್ರೆ ಬೇಡ ಅನ್ನಿ."

"ನಾನ್ಯಾಕ್ರೀ ಅನ್ಲಿ? ಸುಮ್ನೆ ಮನೇಲಿ ಗಲಾಟೆ."

ಕೆಟ್ಟವನಲ್ಲ. ಅದೇ ಕೆಟ್ಟದು. ಕೆಟ್ಟವನಾಗಿದ್ರೆ ಕಾರಣ ಆದ್ರೂ ಸಿಗೋದು.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಬಂಡೆಗೆ ಅಂಟ್ಕೊಂಡಂತಿರೋ ಮಠ ನೋಡಿದ್ವಿ. ಎಲ್ಲರೂ ಒಳಗೆ ದೀಪ ಹಚ್ಚಿದ್ರು. ನಾನು ಗೋಡೆ ಬುಡ ನೋಡ್ತಾ ನಿಂತೆ. ಅಷ್ಟು ಭಾರ ಎಲ್ಲಿಗೆ ಇಳಿಯುತ್ತೆ, ಬಂಡೆ ಅದನ್ನ ಹೇಗೆ ಹೊರುತ್ತೆ... ಇಡೀ ಟ್ರಿಪ್‌ನಲ್ಲಿ ಅಷ್ಟು ಹೊತ್ತು ಮಾತ್ರ ಎದೆ ಸುಮ್ಮನಿತ್ತು. ನಾನು ಇದನ್ನೇ ಓದಬೇಕು. ಇದನ್ನೇ.

ಮಧ್ಯಾಹ್ನ ಕೆಳಗೆ ಒಂದು ರೈತರ ಮನೇಲಿ ಊಟ. ಬ್ರೋಶರಲ್ಲಿ 'ಕಲ್ಚರಲ್ ಎಕ್ಸ್‌ಪೀರಿಯೆನ್ಸ್'. ಕೆಂಪಕ್ಕಿ ಅನ್ನ, ಚೀಸ್ ಹಾಕಿದ ಮೆಣಸಿನಕಾಯಿ ಪಲ್ಯ. ಊಟ ಆದ್ಮೇಲೆ ಮನೆಯಾಕೆ ಬಿದಿರಿನ ಪುಟ್ಟ ಬುಟ್ಟಿ ತಂದು ಯಶೋದಮ್ಮನ ಮುಂದೆ ಹಿಡಿದ್ರು. ಒಳಗೆ ಡೋಮ. ತಿನ್ನಿ ಅಂತ ಸನ್ನೆ.

ಯಶೋದಮ್ಮ ತಿನ್ನಲಿಲ್ಲ. ಬುಟ್ಟಿ ನೋಡಿದ್ರು. ದೊಡ್ಡಪ್ಪನನ್ನ ನೋಡಿದ್ರು.

ದೊಡ್ಡಪ್ಪ ತೊಡೆ ತಟ್ಟಿಬಿಟ್ರು. "ನೋಡುದ್ರಾ! ನಾವ್ ಕೇಳ್ದೆ ಬುದ್ಧದೇವ್ರೇ ವೀಳ್ಯ ಕಳ್ಸವ್ನೆ! ಇನ್ನೇನ್ ನೋಡೀರಿ, ಬದಲಾಯಿಸ್ಕಳ್ಳಿ."

ನಮ್ಮ ಕಡೆ ಎರಡು ಮನೆಯವರು ಎಲೆ ಅಡಿಕೆ ಕೈ ಬದಲಾಯಿಸಿದ್ರೆ ಒಪ್ಪುವೀಳ್ಯ. ಹೆಣ್ಣು ಗೊತ್ತಾದಂಗೆ. ಆಮೇಲೆ ಹಿಂದೆಗೆದ್ರೆ ಊರಲ್ಲಿ ಮುಖ ಎತ್ತೋ ಹಂಗಿಲ್ಲ. ಯಶೋದಮ್ಮ ಆ ಬುಟ್ಟಿಯಿಂದಲೇ ತೆಗೆದು ಅಪ್ಪನ ಕೈಗೆ ಹಾಕಿದ್ರು. ಅಪ್ಪ ತಿನ್ನೋಕೆ ಅಂದ್ಕೊಂಡು ಬಾಯಿ ಹತ್ರ ತಗೊಂಡು ಹೋದ್ರು ಪಾಪ.

"ಲೇ! ವೀಳ್ಯ ಕಣ್ಲಾ ಅದು, ತಿನ್ನಂಗಿಲ್ಲ!"

ಅಪ್ಪನ ಕೈ ಅಲ್ಲೇ ನಿಂತಿತು. ಬುಟ್ಟಿಯಲ್ಲಿ ಮಿಕ್ಕಿದ್ದನ್ನ ದೊಡ್ಡಪ್ಪ ನಮ್ಮ ಕಡೆಯಿಂದ ಅಂತ ಯಶೋದಮ್ಮನ ಮಡಿಲಿಗೆ ಹಾಕಿದ್ರು. ಅಪ್ಪನ ಕೈಲಿದ್ದದ್ದನ್ನ ಅಮ್ಮ ಕರ್ಚೀಫಲ್ಲಿ ಕಟ್ಟಿಕೊಂಡಳು — ಊರಿಗೆ ತಗೊಂಡು ಹೋಗಿ ದೇವರ ಮುಂದೆ ಇಡೋಕೆ. ನನಗೆ ಎಲ್ಲರ ಕಾಲಿಗೆ ಬೀಳು ಅಂದ್ರು.

ಬಿದ್ದೆ. ಬಿದ್ದೆ!

ಮನೆಯಾಕೆ ಖಾಲಿ ಬುಟ್ಟಿ ಹಿಡಿದು ಪೆಚ್ಚಾಗಿ ನಿಂತಿದ್ರು. ಯಾರೂ ತಿನ್ನಲಿಲ್ಲ ಯಾಕೆ ಅಂತ ಸೋನಮ್ ನನ್ನನ್ನ ಇಂಗ್ಲಿಷಲ್ಲಿ ಕೇಳಿದ. ಅವರಲ್ಲಿ ಕೊಟ್ಟರೆ ಒಟ್ಟಿಗೆ ತಿಂದು ಮಾತಾಡೋದು, ಅಷ್ಟೇ — ಸುತ್ತಿ ಇಟ್ಕೊಂಡರೆ ಬೇಡ ಅಂದ ಹಾಗೆ ಅಂದ.

ನವೆಂಬರ್ 15, ಶನಿವಾರ. ಹಾಸ್ಟೆಲ್

ಇಫ್ಫತ್‌ಗೆ ಎಲ್ಲ ಹೇಳಿದೆ. ಮೊದಲು ನಕ್ಕಳು — "ಎಲೆಗೇ ಎಂಗೇಜ್‌ಮೆಂಟಾ?" — ಆಮೇಲೆ ನನ್ನ ಮುಖ ನೋಡಿ ಎದ್ದು ಬಂದು ಪಕ್ಕ ಕೂತಳು.

"ನಮ್ಮ ನಿಕಾಹ್‌ನಲ್ಲಿ ಹುಡುಗಿ ಕಬೂಲ್, ಒಪ್ಪಿದೀನಿ, ಅನ್ನಬೇಕು. ಅವಳನ್ನ ಕೇಳ್ಲೇಬೇಕು. ನಿನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಬೇಡ ಅಂತ ನೀನಾಗಿ ಹೇಳಿದ್ಯಾ?"

"...ಇಲ್ಲ."

"ಮತ್ತೆ ಡೈರಿಗೆ ಬೈಕೊಂಡು ಕೂತಿರು."

ಎರಡು ಗಂಟೆ ಅವಳ ಜೊತೆ ಮಾತಾಡಿಲ್ಲ. ಅವಳು ಹೇಳಿದ್ದು ಸರಿ, ಅದಕ್ಕೆ.

ಯಶೋದಮ್ಮನ ಮನೆಯವರು 30ಕ್ಕೆ ಊರಿಗೆ ಬರ್ತಾರಂತೆ. ವೀಳ್ಯ ಎದುರಿಗಿಟ್ಟು ಮದುವೆ ದಿನ ಗೊತ್ತು ಮಾಡೋಕೆ.

ನವೆಂಬರ್ 22, ಶನಿವಾರ. ಗಂಜಾಂ, ಇಫ್ಫತ್ ಮನೆಯಲ್ಲಿ

ಅಮ್ಮ ಅಪ್ಪನ್ನ ಕರ್ಕೊಂಡು ಇಲ್ಲಿನ ನಿಮಿಷಾಂಬ ಗುಡಿಗೆ ಪೂಜೆ ಮಾಡ್ಸೋಕೆ ಬಂದಿದ್ಲು. ಒಳ್ಳೆ ಸಂಬಂಧ ಕೂಡಿ ಬಂತಲ್ಲ, ಅದಕ್ಕೆ. ನನ್ನನ್ನೂ ಕರೆಸಿದ್ಲು. ಅವಳು ಕ್ಯೂನಲ್ಲಿ ನಿಂತಳು. ಅಪ್ಪ ಹೊಳೆ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದ್ರು. ನಾನೂ ಕೂತೆ. ಭಯ. ವೈವಾಗಿಂತ ಜಾಸ್ತಿ.

"ಅಪ್ಪ, ನಂಗೆ ಬೇಡ."

ಜೋರಾಗಿ ಬಂತು. ಪಕ್ಕದಲ್ಲಿ ಮೀನಿಗೆ ಪುರಿ ಹಾಕ್ತಿದ್ದ ಹೆಂಗಸು ತಿರುಗಿ ನೋಡಿದಳು.

ಅಪ್ಪ ಸುಣ್ಣ ಸವರೋದು ನಿಲ್ಲಿಸಲಿಲ್ಲ. "ವೀಳ್ಯ ಆಗೋಗದೆ ಮಗ. ಅಣ್ಣ ಮುಂದೆ ನಿಂತು ಮಾಡ್ಸವ್ರೆ. ಮಾತು ಮುರಿಯದು ನನ್ ಕೈಲಾಯ್ತದಾ?"

"ಅದು ವೀಳ್ಯ ಅಲ್ಲ ಅಪ್ಪ! ಆಯಮ್ಮ ನಿಮಗೆ ತಿನ್ನೋಕೆ ಕೊಟ್ಟಿದ್ದು. ಸೋನಮ್ ಜೊತೆ ದಾರಿ ಉದ್ದಕ್ಕೂ ತಿಂದ್ರಲ್ಲ, ಆಗ ಯಾವ ಮದುವೆ ಆಯ್ತು? ಊಟಕ್ಕಿಟ್ಟೋರ ಎಲೆ ಅಡಿಕೆ ತಿನ್ನದೆ, ಅದನ್ನ ಕದ್ದು ನನ್ನ ತಲೆಗೆ ಕಟ್ಟಿದ್ರಿ. ದೊಡ್ಡಪ್ಪನಿಗೆ ಆಯ್ತಣ್ಣ ಅಂತೀರ. ನನ್ನನ್ನ ಏನಂತ ಕೇಳಿದ್ರಿ? ಒಂದ್ಸಲ?"

ಇಷ್ಟನ್ನೂ ಹೇಳಿದೆ. ನಾನೇ. ಹೇಳಿದೆ.

ಅಪ್ಪ ಹೊಳೆ ಕಡೆ ನೋಡ್ತಾ ಇದ್ರು. "ಪರೀಕ್ಸೆ ಯಾವಾಗ?"

"ಸೋಮವಾರ."

"ಚೆಂದಾಗಿ ಬರಿ."

ಅಷ್ಟೆ! ಅಷ್ಟೇನಾ? ಎಲೆ ಮಡಿಚಿ ಬಾಯಿಗಿಟ್ಕೊಂಡು ಎದ್ದು ಹೋದ್ರು.

ನವೆಂಬರ್ 30, ಭಾನುವಾರ. ಹೊಣಕೆರೆ

ಮ್ಯಾಥ್ಸ್ ಪರವಾಗಿಲ್ಲ. ಕೆಮಿಸ್ಟ್ರಿ ಗೊತ್ತಿಲ್ಲ. ಮೆಕ್ಯಾನಿಕ್ಸ್ ಚೆನ್ನಾಗಿ ಬರೆದೆ.

ಬೆಳಿಗ್ಗೆಯಿಂದ ಮನೇಲಿ ಮಟನ್ ಸಾರಿನ ವಾಸನೆ. ಅಮ್ಮ ಅದೇ ರೇಷ್ಮೆ ಸೀರೆ ಮಂಚದ ಮೇಲೆ ಹಾಕಿ ಹೋಗಿದಾಳೆ. ಉಟ್ಟಿಲ್ಲ. ಚೂಡಿದಾರಲ್ಲೇ ಇದೀನಿ. ಹೊರಗೆ ಬಂದು ಎಲ್ಲರ ಮುಂದೆ ಬೇಡ ಅಂತ ಹೇಳೋದು ಅಂತ ತೀರ್ಮಾನ ಮಾಡಿದೀನಿ. ನಾಲ್ಕು ಸಲ ಕನ್ನಡಿ ಮುಂದೆ ಹೇಳಿ ನೋಡಿದೆ. ಮೂರು ಸಲ ಧ್ವನಿ ಬಂತು.

12.15

ಕಾರು ಬಂತು. ದೊಡ್ಡಪ್ಪನ ನಗು ಬೀದಿವರೆಗೂ. ಅಮ್ಮ ವೀಳ್ಯ ತರೋಕೆ ದೇವರ ಮನೆಗೆ ಹೋದವಳು ವಾಪಸ್ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಕರ್ಚೀಫ್. ಬಿಚ್ಚಿದ್ದು. ಖಾಲಿ.

"ನೀನಾ?"

"ನಾನಲ್ಲ ಅಮ್ಮ. ದೇವರಾಣೆ."

ಇಬ್ಬರೂ ಹಿತ್ತಲಿಗೆ ಓಡಿದ್ವಿ. ಅಪ್ಪ ಕೊಟ್ಟಿಗೆ ಪಕ್ಕದ ಕಲ್ಲಿನ ಮೇಲೆ ಕೂತಿದ್ರು. ತೊಡೆ ಮೇಲೆ ಅಡಕತ್ತರಿ. ಹೆಬ್ಬೆರಳಲ್ಲಿ ಸುಣ್ಣ. ಅಗೀತಾ ಇದ್ರು, ನಿಧಾನಕ್ಕೆ, ದವಡೆ ನೋಯೋ ಹಂಗೆ.

ಅಮ್ಮ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ನಿಮ್ಮ! ಅದ್ನೂವೇ ತಿಂದ್ಬುಟ್ರಾ!"

"ತಿನ್ನೋಕ್ ತಾನೆ ಆಯಮ್ಮ ಕೊಟ್ಟಿದ್ದು" ಅಂದ್ರು ಅಪ್ಪ. "ಎಲೆ ತರಗಾಗಿತ್ತು. ಅಡಿಕೆ ಚೆಂದಾಗದೆ."

ನನ್ನನ್ನ ನೋಡಿದ್ರು. ಬರೀ ನೋಡಿದ್ರು.

ಹಜಾರದಿಂದ ದೊಡ್ಡಪ್ಪ ಕೂಗ್ತಿದಾರೆ. "ಲೇ ಚಲುವ! ವೀಳ್ಯ ತತ್ತಾರ್ಲಾ, ಒತ್ತಾಯ್ತದೆ!"

ಅಪ್ಪ ಎದ್ರು. ಉಗೀಲಿಲ್ಲ, ಬಾಯಿ ಒರೆಸ್ಕೊಳ್ಳಲಿಲ್ಲ. ತುಟಿ ತುಂಬಾ ಕೆಂಪು ಹಂಗೇ ಇಟ್ಕೊಂಡು ಒಳಗೆ ಹೋದ್ರು. ನಾನು ರೂಮಿಗೆ ಓಡಿ ಬಂದು ಇಷ್ಟು ಗೀಚಿದೆ. ಬಾಗಿಲು ತೆಗೆದೇ ಇದೆ. ಹಜಾರದಲ್ಲಿ ಯಶೋದಮ್ಮ ಏನೋ ಕೇಳಿದ್ರು. ದೊಡ್ಡಪ್ಪ "ಏನ್ಲಾ ಇದು" ಅಂದ್ರು.

ಅಪ್ಪ 'ಆಯ್ತಣ್ಣ' ಅನ್ನಲಿಲ್ಲ.

"ಅರ್ಪಿತ, ಬಾ ಮಗ ಇಲ್ಲಿ. ನಂಗೇಳಿದ್ದ ಇವ್ರಿಗೂ ಏಳು" ಅಂತ ಕರೀತಿದಾರೆ. ಹೋಗ್ತಿದೀನಿ. ಚೂಡಿದಾರಲ್ಲೇ, ಕನ್ನಡಿ ಮುಂದೆ ಹೇಳಿದ್ದನ್ನೇ ಹೇಳೋಕೆ.